ಒಪ್ಪಿಸಿದ ಬಂದೂಕು ಯಾರ ಸ್ವತ್ತು?

ದೇಸಗತಿಯ ವಾಡೆಗಳಲ್ಲಿ, ಗೌಡರ ಹಾಗೂ ಪಾಟೀಲರ ಮನೆಗಳಲ್ಲಿ, ಮಲೆನಾಡಿನ ತೋಟದ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಹಳೆಯ ಬಂದೂಕನ್ನು ಕಂಡವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲೆಂದು ಮುತ್ತಜ್ಜನ ಕಾಲದಲ್ಲಿ ಮನೆಗೆ ಬಂದ ಆ ಆಯುಧವು, ವರ್ಷಕ್ಕೊಮ್ಮೆ ಮಹಾನವಮಿಯಲ್ಲಿ ಪೂಜೆಗೊಳ್ಳುವುದನ್ನು ಬಿಟ್ಟರೆ, ಬೇರಾವ ಕೆಲಸಕ್ಕೂ ಬಾರದೆ ಇರುವುದೇ ಹೆಚ್ಚು. ಆದರೂ ಅದು ಮನೆತನದ ಗುರುತು. ಒಂದು ದಿನ ಪರವಾನಗಿಯ ಅವಧಿ ಮುಗಿಯುತ್ತದೆ. ಇಲ್ಲವೆ ಜಿಲ್ಲಾಧಿಕಾರಿಗಳ ಕಚೇರಿಯಿಂದ ರದ್ದತಿಯ ಆದೇಶ ಬರುತ್ತದೆ. ಇಲ್ಲವೆ ಪರವಾನಗಿ ಹೊಂದಿದ್ದ ಹಿರಿಯರು ಲಿಂಗೈಕ್ಯರಾಗುತ್ತಾರೆ. ಬಂದೂಕು ಪೊಲೀಸ್ ಠಾಣೆಯನ್ನು ಸೇರುತ್ತದೆ. ಆ ಮೇಲೆ ಅದು ಯಾರದು?

ಈ ಪ್ರಶ್ನೆಗೆ ಮನೆಗಳಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಸರಕಾರದ ಪಾಲಾಯಿತು, ಇನ್ನು ಅದರ ಮಾತೇಕೆ ಎಂದು ಕೈಚೆಲ್ಲುವವರು ಕೆಲವರು. ಠಾಣೆಯಲ್ಲಿ ಭದ್ರವಾಗಿದೆ, ಅನುಕೂಲವಾದಾಗ ತಂದರಾಯಿತು ಎಂದು ನಿಶ್ಚಿಂತರಾಗುವವರು ಹಲವರು. ಎರಡೂ ತಪ್ಪು. ಮೊದಲನೆಯವನು ಇರುವ ಹಕ್ಕನ್ನು ಅರಿಯದೆ ಬಿಟ್ಟುಕೊಡುತ್ತಾನೆ. ಎರಡನೆಯವನು ಆ ಹಕ್ಕಿಗೆ ಗಡುವುಂಟೆಂಬುದನ್ನು ಅರಿಯದೆ ಕಳೆದುಕೊಳ್ಳುತ್ತಾನೆ.

ಎರಡನೆಯವನ ನಂಬಿಕೆಯ ಬೇರು ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ನಮ್ಮ ನೆಲದಲ್ಲಿಯೇ ಹುಟ್ಟಿದ ಈ ಗ್ರಂಥವು ಆಸ್ತಿಯ ವಿಭಾಗಕ್ಕಾಗಿ ಹೆಸರಾಗಿದೆಯಷ್ಟೆ. ಆದರೆ ಒಬ್ಬನು ಇನ್ನೊಬ್ಬನಲ್ಲಿ ನಂಬಿ ಇಟ್ಟ ವಸ್ತುವಿನ ವಿಚಾರವೂ ಅಲ್ಲಿ ಉಂಟು. ನಿಕ್ಷೇಪವೆಂದೂ ಉಪನಿಧಿಯೆಂದೂ ಕರೆಯಲ್ಪಡುವ ಅಂಥ ವಸ್ತುವು ಎಷ್ಟು ಕಾಲ ಪರರ ಬಳಿ ಇದ್ದರೂ ಒಡೆಯನ ಸ್ವತ್ತೇ. ಒತ್ತೆಯ ವಸ್ತು, ಹೊಲದ ಮೇರೆ, ಬಾಲಕರ ಆಸ್ತಿ ಇವುಗಳಂತೆಯೇ ನಿಕ್ಷೇಪವೂ ಕಾಲ ಕಳೆದ ಮಾತ್ರಕ್ಕೆ ಕೈಬಿಟ್ಟುಹೋಗದು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯನ ಒಪ್ಪಿಗೆಯಿಲ್ಲದೆ ಅದನ್ನು ಬಳಸಿ ಬದುಕಿದರೆ ದಂಡ ತೆರಬೇಕು, ವಸ್ತುವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ನಮ್ಮ ಹಿರಿಯರು ಈ ಶಾಸ್ತ್ರವನ್ನು ಓದದೆಯೂ ಇದರಂತೆಯೇ ನಡೆದವರು. ಇಟ್ಟದ್ದು ಎಲ್ಲಿ ಹೋದೀತು ಎಂಬ ಅವರ ಧೈರ್ಯ ಅಲ್ಲಿಂದ ಬಂದದ್ದು.

ಬಂದೂಕಿನ ವಿಷಯದಲ್ಲಿ ಇಂದಿನ ಕಾನೂನು ಈ ತತ್ತ್ವವನ್ನು ಅರ್ಧ ಒಪ್ಪುತ್ತದೆ, ಅರ್ಧ ಒಪ್ಪುವುದಿಲ್ಲ. 1959ರ ಆಯುಧಗಳ ಅಧಿನಿಯಮದ 21ನೆಯ ಕಲಮನ್ನು ನೋಡಬೇಕು. ಅವಧಿ ಮುಗಿದುದರಿಂದಾಗಲಿ, ಪರವಾನಗಿ ಅಮಾನತಾದುದರಿಂದಾಗಲಿ, ರದ್ದಾದುದರಿಂದಾಗಲಿ, ಬೇರಾವ ಕಾರಣದಿಂದಾಗಲಿ ಆಯುಧವನ್ನು ಇಟ್ಟುಕೊಳ್ಳುವುದು ಅಕ್ರಮವಾದ ಕೂಡಲೇ, ಅನಾವಶ್ಯಕ ವಿಳಂಬ ಮಾಡದೆ, ಅದನ್ನು ಸಮೀಪದ ಪೊಲೀಸ್ ಠಾಣೆಯ ಅಧಿಕಾರಿಗೆ ಅಥವಾ ಪರವಾನಗಿಯುಳ್ಳ ಆಯುಧ ವ್ಯಾಪಾರಿಗೆ ಒಪ್ಪಿಸಬೇಕು. ಸೈನಿಕರಾಗಿದ್ದರೆ ತಮ್ಮ ದಳದ ಶಸ್ತ್ರಾಗಾರಕ್ಕೂ ಒಪ್ಪಿಸಬಹುದು. ಒಪ್ಪಿಸದೆ ಇರುವುದೇ ಪ್ರತ್ಯೇಕವಾದ ಅಪರಾಧ. ಅಟ್ಟದ ಮೇಲೆ ಮುಚ್ಚಿಟ್ಟು, ಹಳೆಯದು ಎಂದು ಸಮಾಧಾನ ಹೇಳಿಕೊಳ್ಳುವುದು ಸಲ್ಲದು.

ಹೀಗೆ ಒಪ್ಪಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ನಿಯಮಗಳು ಗೊತ್ತುಮಾಡಿದ ಅವಧಿಯೊಳಗೆ ಒಪ್ಪಿಸಿದವನಿಗೆ ಎರಡು ಹಕ್ಕುಗಳಿವೆ. ಪರವಾನಗಿ ಮತ್ತೆ ದೊರೆತರೆ ಬಂದೂಕನ್ನು ಹಿಂದಕ್ಕೆ ಪಡೆಯುವುದು ಒಂದು. ಪರವಾನಗಿಯುಳ್ಳ ಮತ್ತೊಬ್ಬನಿಗೆ ಅದನ್ನು ಮಾರಿಯೋ ಬೇರೆ ರೀತಿಯಿಂದಲೋ ವರ್ಗಾಯಿಸಿ ಬಂದ ಹಣವನ್ನು ತಾನೇ ಪಡೆಯುವುದು ಇನ್ನೊಂದು. ಒಪ್ಪಿಸಿದವನು ತೀರಿಕೊಂಡಿದ್ದರೆ ಈ ಹಕ್ಕುಗಳು ಅವನ ವಾರಸುದಾರರಿಗೆ ಬರುತ್ತವೆ. ಆದರೆ ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಗಳು ಬಂದೂಕನ್ನು ಸರಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದಕ್ಕೂ ಮುನ್ನ ಲಿಖಿತ ನೋಟಿಸು ಕೊಟ್ಟು, ಅದು ತಲುಪಿದ 30 ದಿನಗಳಲ್ಲಿ ಕಾರಣ ತಿಳಿಸಲು ಅವಕಾಶ ನೀಡಲೇಬೇಕು. ಪರವಾನಗಿ ಕೇವಲ ಅಮಾನತಿನಲ್ಲಿದ್ದರೆ ಆ ಕಾಲದಲ್ಲಿ ಮುಟ್ಟುಗೋಲು ಆಗುವಂತಿಲ್ಲ. ಅಮಾನತು ಮತ್ತು ರದ್ದತಿ ಎಂಬ ಎರಡು ಶಬ್ದಗಳನ್ನು ಒಂದೇ ಎಂದು ತಿಳಿಯುವ ಗೃಹಸ್ಥರು ಆದೇಶದ ಪತ್ರವನ್ನು ಇನ್ನೊಮ್ಮೆ ಓದಿಸಿಕೊಳ್ಳುವುದು ಒಳಿತು.

ಸರಕಾರದ ಸುಪರ್ದಿಯಲ್ಲಿರುವ ವಸ್ತುವಿನ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ನೀಡಿದ ಒಂದು ತೀರ್ಪನ್ನು ಇಲ್ಲಿ ನೆನೆಯಬಹುದು. ಜುನಾಗಢ ಸಂಸ್ಥಾನದ ಸುಂಕದ ಅಧಿಕಾರಿಗಳು ಒಬ್ಬನ ಮೋಟಾರು ವಾಹನಗಳನ್ನು ಹಿಡಿದಿಟ್ಟಿದ್ದರು. ಆತನ ಮೇಲ್ಮನವಿ ಬಾಕಿ ಇರುವಾಗಲೇ ವಾರಸುದಾರರಿಲ್ಲದ ಮಾಲೆಂದು ಅವು ವಿಲೇವಾರಿಯಾಗಿದ್ದವು. ಒಪ್ಪಂದವಿಲ್ಲದಿದ್ದರೂ ಸರಕಾರವು ಅಂಥ ವಸ್ತುವಿಗೆ ನ್ಯಾಸಧಾರಿಯಂತೆಯೇ ಹೊಣೆ, ಅದನ್ನು ಕಾಪಾಡಿ ಹಿಂದಿರುಗಿಸುವುದು ಅದರ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು. ವಿಜ್ಞಾನೇಶ್ವರನು ಕೇಳಿದ್ದರೆ ತಲೆದೂಗುತ್ತಿದ್ದನು.

ಪರವಾನಗಿ ಹೋಗುವ ದಾರಿಗಳು ಈಗ ಹೆಚ್ಚಾಗಿವೆ. ಸಾರ್ವಜನಿಕ ಶಾಂತಿ, ಸುರಕ್ಷತೆಗಳ ಕಾರಣದಿಂದ, ಷರತ್ತುಗಳನ್ನು ಮುರಿದುದರಿಂದ, ಅರ್ಜಿಯಲ್ಲಿ ಮುಖ್ಯ ಸಂಗತಿಯನ್ನು ಮುಚ್ಚಿಟ್ಟುದರಿಂದ 17ನೆಯ ಕಲಮಿನಂತೆ ರದ್ದಾಗುವುದು ಮೊದಲಿನಿಂದಲೂ ಇದ್ದದ್ದು. ಇತ್ತೀಚಿನ ವರ್ಷಗಳಲ್ಲಿ ಮತ್ತೆರಡು ಕಾರಣಗಳು ಸೇರಿಕೊಂಡವು. ಹಳೆಯ ಪುಸ್ತಕದ ರೂಪದ ಪರವಾನಗಿಗಳಿಗೆ ಗಣಕಯಂತ್ರದ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪಡೆಯಲು ಕೊಟ್ಟಿದ್ದ ಗಡುವು, ಹಲವು ಸಲ ಮುಂದೂಡಲ್ಪಟ್ಟು, 2020ರ ಜೂನ್ ತಿಂಗಳಿಗೆ ಮುಗಿಯಿತು. ಇನ್ನೊಂದು 2019ರ ಡಿಸೆಂಬರಿನ ತಿದ್ದುಪಡಿ. ಅಲ್ಲಿಯವರೆಗೆ ಒಬ್ಬನು 3 ಬಂದೂಕುಗಳನ್ನು ಹೊಂದಬಹುದಾಗಿತ್ತು. ಅಂದಿನಿಂದ 2 ಮಾತ್ರ. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದು ವಿಧಿಸಲಾಯಿತು. ಅದೇ ತಿದ್ದುಪಡಿಯು ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದ್ದೂ ಉಂಟು. ಯಾರ ಮೇಲೂ ಯಾವ ಆರೋಪವೂ ಇಲ್ಲದೆ, ಕಾಗದದ ಕಾರಣದಿಂದಲೇ ಬಂದೂಕು ಕಳೆದುಕೊಳ್ಳುವ ಸ್ಥಿತಿ ಹೀಗೆ ಒದಗಿತು. ಚುನಾವಣೆಯ ಕಾಲದಲ್ಲಿ ಒಪ್ಪಿಸುವುದು ಬೇರೆಯ ಮಾತು. ಅಲ್ಲಿ ಪರವಾನಗಿ ಜೀವಂತವಾಗಿಯೇ ಇರುತ್ತದೆ.

ಆಯುಧ ಒಪ್ಪಿಸಿರಿ ಎಂಬ ಮಾತು ಕೇಳಿದೊಡನೆ ನಮ್ಮ ನಾಡಿನ ಮನಸ್ಸು ಕಹಿಯಾಗುವುದಕ್ಕೆ ಕಾರಣವಿಲ್ಲದಿಲ್ಲ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹೋರಾಡಿ ಮಡಿದ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಆದರೆ ಅಂದಿನ ಕಾಯಿದೆಗೂ ಇಂದಿನದಕ್ಕೂ ಅಂತರವಿದೆ. ಇಂದು ಆದೇಶಕ್ಕೆ ಲಿಖಿತ ಕಾರಣವಿರಬೇಕು; ಸಾರ್ವಜನಿಕ ಹಿತಕ್ಕೆ ಬಾಧಕವೆನಿಸದ ಪಕ್ಷದಲ್ಲಿ ಆ ಕಾರಣವನ್ನು ಕೇಳಿ ಪಡೆಯಬಹುದು; 18ನೆಯ ಕಲಮಿನಂತೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಬಾಕಿ ಇದೆಯೆಂದು ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಮೇಲಧಿಕಾರಿ ಬೇರೆ ಆದೇಶ ಕೊಡದ ಹೊರತು ಮೊದಲ ಆದೇಶವೇ ಜಾರಿಯಲ್ಲಿರುತ್ತದೆ.

ಇನ್ನು ಇಡುವ ಬಾಡಿಗೆಯ ಮಾತು. ಠಾಣೆಯಲ್ಲಿ ಒಪ್ಪಿಸಿದ ಬಂದೂಕು ಮಾಲಖಾನೆಯ ಮೂಲೆ ಸೇರುತ್ತದೆ. ಅಲ್ಲಿ ಎಣ್ಣೆ ಹಚ್ಚುವವರಿಲ್ಲದೆ ನಳಿಕೆಗೆ ತುಕ್ಕು ಹಿಡಿಯುತ್ತದೆ, ಹಿಡಿಗೆ ಗೆದ್ದಲು ಹತ್ತುತ್ತದೆ. ಆದುದರಿಂದ ಉಳ್ಳವರು ವ್ಯಾಪಾರಿಯ ಅಂಗಡಿಯನ್ನೇ ಆರಿಸಿಕೊಳ್ಳುತ್ತಾರೆ. ಅವನು ಬಾಡಿಗೆ ಕೇಳುತ್ತಾನೆ. ಜಾಗವೂ ಅವನದು, ಜವಾಬ್ದಾರಿಯೂ ಅವನದು, ಕೇಳುವುದು ನ್ಯಾಯವೇ. 1872ರ ಕರಾರು ಅಧಿನಿಯಮದ 151ನೆಯ ಕಲಮಿನಂತೆ, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ಕಾಪಾಡಿಕೊಳ್ಳುವಷ್ಟು ಎಚ್ಚರದಿಂದ ಅವನು ಅದನ್ನು ಕಾಪಾಡಬೇಕು. ತೊಡಕಾಗುವುದು ಬಾಡಿಗೆ ಎಷ್ಟು, ಎಂದಿನವರೆಗೆ ಎಂದು ಮೊದಲೇ ಬರೆದುಕೊಳ್ಳದಿದ್ದಾಗ. ವರ್ಷಗಟ್ಟಲೆ ಯಾರೂ ವಿಚಾರಿಸದೆ ಬಿಟ್ಟ ಹಳೆಯ ಬಂದೂಕಿನ ಮೇಲೆ ಬಾಡಿಗೆ ಬೆಳೆದು ಅದರ ಬೆಲೆಯನ್ನೇ ಮೀರಬಲ್ಲದು.

ಬಾಡಿಗೆಯು ಬಂದೂಕನ್ನೇ ನುಂಗುವ ಪರಿಯನ್ನು ಅಮೇರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಮೊಕದ್ದಮೆ ಚೆನ್ನಾಗಿ ತೋರಿಸುತ್ತದೆ. ಆ ಮೊಕದ್ದಮೆಯ ಕಾಲದ ಅಲ್ಲಿಯ ಕಾನೂನಿನಂತೆ, ಪರವಾನಗಿ ಹೋದವನು ಒಪ್ಪಿಸಿದ ಬಂದೂಕುಗಳನ್ನು ಪೊಲೀಸರು ಖಾಸಗಿ ವ್ಯಾಪಾರಿಯ ಉಗ್ರಾಣಕ್ಕೆ ಕಳುಹಿಸಬಹುದಾಗಿತ್ತು. ಕಳುಹಿಸುವವರು ಪೊಲೀಸರು, ಬಾಡಿಗೆ ತೆರಬೇಕಾದವನು ಒಡೆಯ. ವ್ಯಾಪಾರಿಯು ಪ್ರತಿಯೊಂದರ ತಯಾರಕ, ಮಾದರಿ, ಸಂಖ್ಯೆ, ಸ್ಥಿತಿಗಳನ್ನು ಬರೆದ ರಶೀದಿಯನ್ನು ಕೊಡಬೇಕು. ಯೋಗ್ಯರಾದವರಿಗೆ ವರ್ಗಾಯಿಸಲು ಒಡೆಯನಿಗೆ ಒಂದು ವರ್ಷದ ಕಾಲಾವಕಾಶ. ಆದರೆ ಬಾಡಿಗೆ 90 ದಿನ ಬಾಕಿಬಿದ್ದರೆ ವರ್ಷ ತುಂಬುವ ಮೊದಲೇ ಹರಾಜಿಗೆ ದಾರಿಯಾಗುತ್ತಿತ್ತು. ಹೀಗೆ ಬಂದೂಕುಗಳನ್ನು ಕಳೆದುಕೊಂಡವರು, ತಮ್ಮ ವಾದ ಕೇಳದೆ ಸ್ವತ್ತನ್ನು ಕಸಿದುಕೊಳ್ಳಲಾಯಿತೆಂದು ಉಗ್ರಾಣದವನ ಮೇಲೆ ದಾವೆ ಹೂಡಿದರು. 2015ರಲ್ಲಿ ಬಾಸ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯವು, ಉಗ್ರಾಣದವನು ಖಾಸಗಿ ವ್ಯಾಪಾರಿಯೇ ಹೊರತು ಸರಕಾರದ ಅಂಗವಲ್ಲ, ಸರಕಾರದ ವಿರುದ್ಧ ಸಂವಿಧಾನ ಕೊಡುವ ರಕ್ಷಣೆಯನ್ನು ಅವನ ವಿರುದ್ಧ ಕೇಳಲಾಗದು ಎಂದು ತೀರ್ಮಾನಿಸಿತು. ತರ್ಕಕ್ಕೆ ಅದು ಸರಿಯಿರಬಹುದು. ಆದರೆ ಒಡೆಯನು ತಾನು ಆರಿಸದ ಉಗ್ರಾಣಕ್ಕೆ, ತಾನು ಒಪ್ಪದ ದರದಲ್ಲಿ ಸಾಲಗಾರನಾಗುವುದು ಎಂಥ ನ್ಯಾಯವೆಂದು ನನಗೆ ಅನಿಸದೆ ಇರಲಿಲ್ಲ. ನಮ್ಮಲ್ಲಿ ವ್ಯಾಪಾರಿಯನ್ನು ಆರಿಸುವವನು ಒಡೆಯನೇ ಎಂಬುದು ಸಮಾಧಾನದ ಸಂಗತಿ. ಆ ಆಯ್ಕೆಯನ್ನು ಮಾಡುವಾಗಲೇ ದರವನ್ನೂ ಅವಧಿಯನ್ನೂ ಬರೆಯಿಸಿಕೊಳ್ಳಬೇಕು.

ಬಂದೂಕು ಮನೆಗೆ ಮರಳುವ ಆಸೆ ಇಲ್ಲದಿದ್ದರೆ ವರ್ಗಾವಣೆಯೇ ಸರಿಯಾದ ಮಾರ್ಗ. ಪರವಾನಗಿಯನ್ನು ನವೀಕರಿಸುವುದಿಲ್ಲವೆಂದು ಮೊದಲೇ ನಿಶ್ಚಯಿಸಿದವರು ಅದು ಜೀವಂತವಿರುವಾಗಲೇ ಮಾರುವುದು ಸುಲಭ. 5ನೆಯ ಕಲಮಿನಂತೆ, ಕೊಳ್ಳುವವನ ಹೆಸರು ವಿಳಾಸಗಳೊಂದಿಗೆ ಜಿಲ್ಲಾ ದಂಡಾಧಿಕಾರಿಗಳಿಗೋ ಸಮೀಪದ ಠಾಣೆಗೋ ಲಿಖಿತವಾಗಿ ತಿಳಿಸಿ, 45 ದಿನಗಳು ಕಳೆದ ಮೇಲೆ ಮಾರಬಹುದು. ಪರವಾನಗಿ ಹೋದ ಮೇಲಾದರೆ, ಬಂದೂಕು ಠಾಣೆಯಲ್ಲೋ ಅಂಗಡಿಯಲ್ಲೋ ಇರುವಾಗಲೇ ವ್ಯವಹಾರ ನಡೆಯಬೇಕು. ಒಡೆಯನು ಅದನ್ನು ಮತ್ತೆ ಕೈಗೆ ತೆಗೆದುಕೊಳ್ಳುವಂತಿಲ್ಲ. ಕೊಳ್ಳುವವನ ಪರವಾನಗಿಯಲ್ಲಿ ಆ ಬಗೆಯ ಆಯುಧಕ್ಕೆ ಅನುಮತಿ ಇರಬೇಕು, ಅವನ ಬಳಿ ಆಗಲೇ 2 ಇರಬಾರದು. ಭಾವಮೈದುನನಿಗೆ ಕೊಟ್ಟೆ, ಬೀಗರಿಗೆ ಕೊಟ್ಟೆ ಎಂದು ಬಾಯಿಮಾತಿನಲ್ಲಿ ಮುಗಿಸಿದರೆ ಕೊಟ್ಟವನೂ ಕೊಂಡವನೂ ಕೋರ್ಟಿನ ಕಟ್ಟೆ ಹತ್ತಬೇಕಾದೀತು.

ಮನೆಯಲ್ಲಿಯೇ ಉಳಿಯಬೇಕೆಂದರೆ ವಾರಸಿನ ದಾರಿ ಇದೆ. 2016ರ ಆಯುಧಗಳ ನಿಯಮಗಳ ಪ್ರಕಾರ ಪರವಾನಗಿದಾರನು ತೀರಿಕೊಂಡ ಮೇಲೆ ವಾರಸುದಾರನು ತನ್ನ ಹೆಸರಿನಲ್ಲಿ ಪರವಾನಗಿ ಕೇಳಬಹುದು. ಹಿರಿಯರು ಬದುಕಿರುವಾಗಲೂ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ, ತಾವು ಸೂಚಿಸಿದ ವಾರಸುದಾರನಿಗೆ ಅದು ದೊರೆಯುವಂತೆ ಮಾಡಬಹುದು. ಉಳಿದ ವಾರಸುದಾರರು ತಕರಾರಿಲ್ಲವೆಂದು ಬರೆದುಕೊಡಬೇಕು. ನನ್ನ ಅಭಿಪ್ರಾಯದಲ್ಲಿ ಎಪ್ಪತ್ತು ದಾಟಿದ ಯಜಮಾನರು ಈ ಕೆಲಸವನ್ನು ಮಕ್ಕಳಿಗೆ ಉಳಿಸದೆ ತಾವೇ ಮುಗಿಸುವುದು ಲೇಸು. ಹೊಲಮನೆಗಳ ಹಂಚಿಕೆಗೆ ಮರಣಪತ್ರ ಬರೆಸುವವರು ಬಂದೂಕನ್ನು ಮರೆಯುತ್ತಾರೆ. ತೀರಿಕೊಂಡ ಮೇಲೆ ಮಕ್ಕಳ ನಡುವೆ ಸಹಿಯ ಜಗಳ ಹುಟ್ಟಿ, ಅತ್ತ ಠಾಣೆಯಲ್ಲಿ ಗಡುವು ಕಳೆದುಹೋಗುತ್ತದೆ. ವಾರಸಿನ ಬಲದಿಂದಲೂ 2ರ ಮಿತಿಯನ್ನು ಮೀರುವಂತಿಲ್ಲ ಎಂಬುದೂ ನೆನಪಿರಲಿ.

ತೀರ ಹಳೆಯದಾಗಿ, ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾರದ ಆಯುಧಕ್ಕೆ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಅಂಥದಕ್ಕೆ ಪರವಾನಗಿಯ ಗೊಡವೆಯಿಲ್ಲ. ಆದರೆ ಹಾರುವುದಿಲ್ಲವೆಂದು ಮನೆಯವರು ಹೇಳಿದರೆ ಸಾಲದು. ಪರೀಕ್ಷೆ ಮಾಡಿಸಿ ಅಧಿಕಾರಿಗಳಿಂದ ಪತ್ರ ಪಡೆದಿರಬೇಕು.

ಗಡುವು ಮೀರಿ ಮುಟ್ಟುಗೋಲಾದ ಬಂದೂಕಿನ ವಿಷಯದಲ್ಲಿಯೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದನ್ನಾಗಲಿ, ಅದನ್ನು ವಿಲೇವಾರಿ ಮಾಡಿ ಬಂದ ಹಣವನ್ನಾಗಲಿ, ಪೂರ್ತಿಯಾಗಿಯೋ ಭಾಗಶಃವೋ, ಒಪ್ಪಿಸಿದವನಿಗೆ ಅಥವಾ ಅವನ ವಾರಸುದಾರನಿಗೆ ಯಾವಾಗ ಬೇಕಾದರೂ ಹಿಂದಿರುಗಿಸುವ ಅಧಿಕಾರ 21ನೆಯ ಕಲಮಿನ ಕೊನೆಯ ಉಪಬಂಧದಂತೆ ಸರಕಾರಕ್ಕಿದೆ. ಅದು ಕೇಳುವವನ ಹಕ್ಕಲ್ಲ, ಕೊಡುವವರ ವಿವೇಚನೆ. ಅಂಥ ಅರ್ಜಿ ಬರೆಯುವವರು ಬಂದೂಕಿನ ಸಂಖ್ಯೆ, ಒಪ್ಪಿಸಿದ ದಿನದ ರಶೀದಿ, ಹಳೆಯ ಪರವಾನಗಿಯ ನಕಲು ಈ ಮೂರನ್ನೂ ಜೊತೆಗಿಡಬೇಕು. ರಶೀದಿ ಕಳೆದಿದ್ದರೆ ಠಾಣೆಯ ಮಾಲಖಾನೆಯ ದಫ್ತರದಲ್ಲಿ ಆ ದಿನದ ನಮೂದನ್ನು ಹುಡುಕಿಸಿ, ಅದರ ದೃಢೀಕೃತ ನಕಲನ್ನು ಪಡೆಯಬೇಕು.