ಅಲ್ಲಾಡಿದ ಚಿತ್ರಗಳು

ಪಾಳುಬಿದ್ದ ಮನೆಯ ಒಂದು ಕೋಣೆ. ಗೋಡೆಯ ಗಾರೆ ಉದುರಿ ನೆಲದ ಹಲಗೆಗಳ ಮೇಲೆಲ್ಲ ಚೆಲ್ಲಿದೆ. ಎರಡು ಕಿಟಕಿಗಳಿಂದ ಬೆಳಕು ಬಿದ್ದಿದೆ. ಆ ಕಿಟಕಿಗಳ ನಡುವಿನ ಗೋಡೆಗೆ ಒಬ್ಬಳು ಬೆನ್ನು ಆನಿಸಿ ನಿಂತಿದ್ದಾಳೆ. ಮೈಮೇಲೆ ಬಟ್ಟೆಯಿಲ್ಲ. ಗೋಡೆಯಿಂದ ಕಿತ್ತುಬಂದ ಚಿತ್ತಾರದ ಕಾಗದದ ಒಂದು ತುಂಡು ಮುಖವನ್ನೂ ಎದೆಯನ್ನೂ ಮುಚ್ಚಿದೆ, ಇನ್ನೊಂದು ತುಂಡು ಸೊಂಟದಿಂದ ಕೆಳಕ್ಕಿದೆ. ನಡುವೆ ಹೊಟ್ಟೆಯಷ್ಟೇ ಕಾಣುತ್ತದೆ. ಗೋಡೆ ಎಲ್ಲಿ ಮುಗಿಯಿತು, ಹುಡುಗಿ ಎಲ್ಲಿ ಶುರುವಾದಳು ಎಂದು ಕಣ್ಣು ಒಂದು ಗಳಿಗೆ ತಡವರಿಸುತ್ತದೆ.

ಕಪ್ಪು ಬಿಳುಪಿನ ಚೌಕ ಚಿತ್ರ. ಅಂಗೈ ಅಗಲಕ್ಕಿಂತ ತುಸು ದೊಡ್ಡದಿದ್ದೀತು. 1976ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ತೆಗೆದದ್ದು. ಕ್ಯಾಮೆರಾ ಹೂಡಿದವಳು, ಅದರ ಮುಂದೆ ಹೋಗಿ ನಿಂತವಳು ಇಬ್ಬರೂ ಒಬ್ಬಳೇ. ಹೆಸರು ಫ್ರಾನ್ಸೆಸ್ಕಾ ವುಡ್‌ಮನ್. ಆಗ ಅವಳಿಗೆ 18ರ ಆಸುಪಾಸು, ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಓದುತ್ತಿದ್ದಳು. ಈ ಚಿತ್ರ ಇರುವ ಸರಣಿಗೆ ಅವಳಿಟ್ಟ ಹೆಸರು ‘ಸ್ಪೇಸ್’. ಆ ಪದದ ತಲೆಯ ಮೇಲೆ ಗಣಿತದಲ್ಲಿ ಬರೆಯುವಂತೆ ಚಿಕ್ಕದಾಗಿ 2 ಎಂಬ ಅಂಕಿ. ಜಾಗದ ವರ್ಗ ಎಂದು ಓದಿಕೊಳ್ಳಬೇಕು.

ಸರಣಿಯ ಹೆಸರೇ ಹೇಳುವ ಹಾಗೆ ಇದು ಒಂದು ಲೆಕ್ಕ, ವಿದ್ಯಾರ್ಥಿನಿಯೊಬ್ಬಳು ಬಿಡಿಸಲು ಕುಳಿತ ಲೆಕ್ಕ. ಒಂದು ಖಾಲಿ ಜಾಗವಿದೆ, ಒಂದು ದೇಹವಿದೆ, ಒಂದಿಷ್ಟು ಬೆಳಕಿದೆ. ಇವನ್ನಿಟ್ಟುಕೊಂಡು ಏನು ತೋರಿಸಬಲ್ಲೆ? ಕಲಾ ವಿಮರ್ಶಕಿ ರೊಸಾಲಿಂಡ್ ಕ್ರೌಸ್ 1986ರಲ್ಲಿ ಈ ಚಿತ್ರಗಳ ಬಗ್ಗೆ ಬರೆದಾಗ ತಮ್ಮ ಪ್ರಬಂಧಕ್ಕೆ ‘ಪ್ರಾಬ್ಲಮ್ ಸೆಟ್ಸ್’ ಎಂದೇ ಹೆಸರಿಟ್ಟರು. ಮೇಷ್ಟರು ಕೊಟ್ಟ ಲೆಕ್ಕಗಳನ್ನು ಈ ಹುಡುಗಿ ತನ್ನ ಮೈಯಿಂದಲೇ ಬಿಡಿಸಿದಳು ಎಂಬುದು ಅವರು ಕಂಡ ಮಾತು. ಅದನ್ನು ಓದಿದ ಮೇಲೆ ನನಗೆ ಈ ಚಿತ್ರಗಳು ಬೇರೆಯಾಗಿಯೇ ಕಾಣತೊಡಗಿದವು.

ನಮ್ಮ ಹಳೆಯ ಸ್ಟುಡಿಯೊಗಳು ನೆನಪಿವೆಯೇ? ಪರದೆಯ ಮೇಲೆ ಬಣ್ಣದಲ್ಲಿ ಬರೆದ ತೋಟ, ಮೆಟ್ಟಿಲು, ಚಂದ್ರ. ಮುಂದೊಂದು ಮರದ ಕುರ್ಚಿ. ಫೋಟೊಗ್ರಾಫರ್ ಗದ್ದ ಹಿಡಿದು ತಿರುಗಿಸಿ, ದೂರ ಹೋಗಿ, “ಅಲ್ಲಾಡಬೇಡಿ” ಎನ್ನುತ್ತಿದ್ದ. ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮಗುವೊಂದು ಕತ್ತು ಹೊರಳಿಸಿದರೆ “ಅಲ್ಲಾಡಿಬಿಟ್ಟಿತು” ಎಂದು ಮತ್ತೆ ತೆಗೆಯುತ್ತಿದ್ದ. ಫೋಟೊ ಹಿಡಿಸಿಕೊಂಡರೆ ಆಯುಸ್ಸು ಕಡಿಮೆ ಎಂದು ನಂಬಿದ್ದ ಅಜ್ಜಿಯರು ಆ ಕುರ್ಚಿಯಲ್ಲಿ ಕೂರಲು ಹೆದರುತ್ತಿದ್ದರು. ಒಂದು ದಿನ ಅದೇ ಚಿತ್ರಕ್ಕೆ ಗಂಧದ ಹಾರ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಫ್ರಾನ್ಸೆಸ್ಕಾ ಬೇಕೆಂದೇ ಅಲ್ಲಾಡಿದಳು.

ಕ್ಯಾಮೆರಾದ ಕಣ್ಣು ಒಂದೆರಡು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ತೆರೆದೇ ಇರುವಂತೆ ಮಾಡಿ, ಅಷ್ಟು ಹೊತ್ತೂ ತಾನು ಚೌಕಟ್ಟಿನೊಳಗೆ ಹೊರಳಿದಳು, ನೆಗೆದಳು, ತಲೆ ಒದರಿದಳು. ಹೀಗೆ ತೆಗೆದಾಗ ಅಲ್ಲಾಡದ ವಸ್ತುಗಳೆಲ್ಲ ಸ್ಪಷ್ಟವಾಗಿ ಮೂಡುತ್ತವೆ. ಗೋಡೆಯ ಒಂದೊಂದು ಬಿರುಕನ್ನೂ ಎಣಿಸಬಹುದು, ನೆಲದ ಹಲಗೆಯ ಗಂಟು, ಕಿಟಕಿಯ ಚೌಕಟ್ಟಿನಲ್ಲಿ ಸುಲಿದೆದ್ದ ಬಣ್ಣ ಎಲ್ಲವೂ ಕಾಣುತ್ತವೆ. ಅಲ್ಲಾಡಿದ ಹುಡುಗಿ ಮಾತ್ರ ಹೊಗೆಯಾಗಿ ಹೋಗಿದ್ದಾಳೆ. ‘ಹೌಸ್’ ಎಂಬ ಸರಣಿಯ ಮೂರನೆಯ ಚಿತ್ರದಲ್ಲಿ ಅವಳು ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಮುದುಡಿದ್ದಾಳೆ. ನಾಲ್ಕನೆಯದರಲ್ಲಿ ಗೋಡೆಯಿಂದ ಕಳಚಿ ವಾಲಿಕೊಂಡ ಬೆಂಕಿಗೂಡಿನ ಚೌಕಟ್ಟಿನ ಹಿಂದೆ ನುಸುಳುತ್ತಿದ್ದಾಳೆ. ಎರಡರಲ್ಲೂ ಮುಖ ಮಸುಕು.

ಈ ಮಸುಕನ್ನು ಕಂಡವರೆಲ್ಲ ದೆವ್ವ ಎನ್ನುತ್ತಾರೆ, ಮಾಯವಾಗುವ ಹುಡುಗಿ ಎನ್ನುತ್ತಾರೆ. ನಾನು ಹಾಗೆ ನೋಡಲಾರೆ. ಆ ಕೋಣೆಯಲ್ಲಿ ಚೂಪಾಗಿ ಮೂಡಿರುವುದೆಲ್ಲ ಸತ್ತದ್ದು: ಬಿಟ್ಟುಹೋದ ಮನೆ, ಉದುರಿದ ಗಾರೆ, ಯಾರೂ ಬೆಂಕಿ ಹೊತ್ತಿಸದ ಒಲೆ. ಮಸುಕಾಗಿರುವುದು ಮಾತ್ರ ಉಸಿರಾಡುತ್ತಿದ್ದ ಜೀವ.

ಅವಳು ಹುಟ್ಟಿದ್ದು 1958ರ ಏಪ್ರಿಲ್ 3ರಂದು, ಕೊಲೊರಾಡೊ ರಾಜ್ಯದಲ್ಲಿ. ತಾಯಿ ಬೆಟ್ಟಿ ವುಡ್‌ಮನ್ ಮಣ್ಣಿನ ಪಾತ್ರೆಗಳನ್ನು ಕಲೆಯಾಗಿಸಿದ ಕಲಾವಿದೆ, ತಂದೆ ಜಾರ್ಜ್ ವುಡ್‌ಮನ್ ಚಿತ್ರಕಾರ. ಇಟಲಿಯ ಫ್ಲಾರೆನ್ಸ್ ಬಳಿಯ ಆಂಟೆಲ್ಲಾ ಎಂಬ ಹಳ್ಳಿಯಲ್ಲಿ ಅವರದೊಂದು ಮನೆಯಿತ್ತು, ಬೇಸಿಗೆಯೆಲ್ಲ ಅಲ್ಲಿ. ಕ್ಯಾಮೆರಾ ಕೊಡಿಸಿದ್ದು ತಂದೆ. ‘13ರ ವಯಸ್ಸಿನಲ್ಲಿ ಸ್ವಚಿತ್ರ’ ಎಂಬ ಅವಳ ಮೊದಲ ದಿನಗಳ ಚಿತ್ರದಲ್ಲಿ ಬಾಲಕಿ ದಪ್ಪ ಉಣ್ಣೆಯ ಸ್ವೆಟರ್ ತೊಟ್ಟು ಕೂತಿದ್ದಾಳೆ. ಮುಖವನ್ನು ಆಚೆಗೆ ತಿರುಗಿಸಿದ್ದಾಳೆ, ಕೂದಲು ಇಳಿಬಿದ್ದು ಅದನ್ನು ಪೂರಾ ಮುಚ್ಚಿದೆ. ಶಟರ್ ಒತ್ತುವ ಕೇಬಲ್ಲು ಅವಳ ಕೈಯಿಂದ ಹೊರಟು ನಮ್ಮ ಕಡೆಗೇ ಚಾಚಿದಂತೆ ಮಸುಕಾಗಿ ಬರುತ್ತದೆ. ನನ್ನನ್ನು ತೆಗೆಯುತ್ತಿರುವವಳು ನಾನೇ ಎಂದು ಆ ವಯಸ್ಸಿಗೇ ತೋರಿಸಿಬಿಟ್ಟಿದ್ದಾಳೆ.

ಪ್ರಾವಿಡೆನ್ಸ್‌ನ ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗುವುದು 1976ರ ಇನ್ನೊಂದಕ್ಕೆ. ಅದಕ್ಕೆ ಹೆಸರಿಲ್ಲ. ನೆಲದ ಮೇಲೆ ಹಿಟ್ಟಿನಂಥ ಬಿಳಿ ಪುಡಿ ಹರಡಿದೆ. ಪುಡಿಯ ನಡುವೆ ಕಪ್ಪಗೆ ಒಂದು ಮನುಷ್ಯಾಕಾರ. ಯಾರೋ ಅಲ್ಲಿ ಮಲಗಿ ಎದ್ದುಹೋದ ಗುರುತು. ಪಕ್ಕದಲ್ಲೇ ಕುರ್ಚಿಯ ಮೇಲೆ, ಕಾಲಿಗೆ ಪಟ್ಟಿಯ ಕಪ್ಪು ಶೂ ಮಾತ್ರ ತೊಟ್ಟು, ಎದ್ದುಹೋದವಳೇ ಕೂತಿದ್ದಾಳೆ.

ಈ ಚಿತ್ರವನ್ನು ಮೊದಲು ಕಂಡಾಗ ನನಗೆ ನೆನಪಾದದ್ದು ನಮ್ಮ ಸಾವಿನ ಮನೆಗಳು. ನಮ್ಮ ಕಡೆ ಕೆಲವು ಮನೆಗಳಲ್ಲಿ ಉಸಿರು ನಿಂತ ಜಾಗದಲ್ಲಿ ರಾತ್ರಿ ದೀಪವಿಟ್ಟು, ಹಿಟ್ಟನ್ನೋ ಬೂದಿಯನ್ನೋ ತೆಳ್ಳಗೆ ಹರಡಿ ಮುಚ್ಚಿಡುತ್ತಾರೆ. ಬೆಳಗ್ಗೆ ಮನೆಯವರೆಲ್ಲ ಬಗ್ಗಿ ನೋಡುತ್ತಾರೆ: ಹಕ್ಕಿಯ ಕಾಲೋ, ಮಗುವಿನ ಪಾದವೋ? ಹೋದವರು ಬಂದು ಹೋದ ಗುರುತು ಏನಾದರೂ ಮೂಡಿದೆಯೋ? ಪ್ರಾವಿಡೆನ್ಸ್‌ನ ಹುಡುಗಿಗೆ ಈ ಪದ್ಧತಿ ಗೊತ್ತಿರಲು ಕಾರಣವಿಲ್ಲ. ಆದರೂ ಅವಳು ಹಿಟ್ಟು ಹರಡಿ, ಅದರಲ್ಲಿ ಮಲಗಿ, ಎದ್ದು, ತನ್ನ ಗುರುತಿನ ಪಕ್ಕ ತಾನೇ ಕುರ್ಚಿ ಹಾಕಿ ಕೂತಳು. ಇಲ್ಲಿ ಗುರುತೂ ಇದೆ, ಗುರುತು ಬಿಟ್ಟವಳೂ ಇದ್ದಾಳೆ. ಫೋಟೊ ಎಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರವನ್ನು ಯಾವ ತರಗತಿಯಲ್ಲಿ ಯಾವ ವಿದ್ಯಾರ್ಥಿ ಕೊಟ್ಟಾರು!

ಅದೇ ಕಾಲದಲ್ಲಿ ಅವಳು ಗಾಜಿನ ಬೀರುಗಳ ಬೆನ್ನು ಹತ್ತಿದಳು. ವಸ್ತುಸಂಗ್ರಹಾಲಯಗಳಲ್ಲಿರುವಂಥವು, ಒಳಗೆ ಹೊಟ್ಟು ತುಂಬಿ ನಿಲ್ಲಿಸಿದ ಪ್ರಾಣಿ ಪಕ್ಷಿಗಳು. ಅವುಗಳ ಗಾಜಿನ ಕಣ್ಣು ಎಂದೂ ಮಿಟುಕುವುದಿಲ್ಲ. ಒಂದು ಚಿತ್ರದಲ್ಲಿ ಬೀರುವಿನ ಬಾಗಿಲು ತೆರೆದಿದೆ, ಹುಡುಗಿ ಅರ್ಧ ಒಳಗೆ, ಅರ್ಧ ಹೊರಗೆ. ಪ್ರಾಣಿಗಳು ಕೊರೆದಂತೆ ಸ್ಪಷ್ಟವಾಗಿವೆ. ಇಲ್ಲಿಯೂ ಸತ್ತದ್ದರ ಪಕ್ಕ ಬದುಕಿರುವುದನ್ನು ಇಟ್ಟು ನೋಡಿದ್ದಾಳೆ.

ಎಲ್ಲ ಚಿತ್ರಗಳಲ್ಲೂ ಅವಳೊಬ್ಬಳೇ ಇದ್ದಾಳೆ ಎಂದುಕೊಳ್ಳಬಾರದು. 1976–77ರ ‘ಚಾರ್ಲಿ ದಿ ಮಾಡೆಲ್’ ಎಂಬ ಸರಣಿಯಲ್ಲಿ ಇರುವವನು ಒಬ್ಬ ದಪ್ಪ ಮೈಯ ಮನುಷ್ಯ. ಕಲಾಶಾಲೆಯ ಡ್ರಾಯಿಂಗ್ ತರಗತಿಗಳಿಗೆ ಮಾಡೆಲ್ ಆಗಿ ಕೂರುವುದು ಅವನ ಕೆಲಸ. ಚಿತ್ರಗಳ ಅಡಿಯಲ್ಲಿ ಫ್ರಾನ್ಸೆಸ್ಕಾ ಕೈಬರಹದಲ್ಲಿ ಸಾಲುಗಳನ್ನು ಬರೆದಿದ್ದಾಳೆ. ಚಾರ್ಲಿ 19 ವರ್ಷಗಳಿಂದ ಇಲ್ಲಿ ಮಾಡೆಲ್, ಕಾಗದಕ್ಕೆ ಹೊಂದುವಂತೆ ಚಪ್ಪಟೆಯಾಗುವುದು ಎಂದರೇನೆಂದು ಅವನಿಗೆ ಚೆನ್ನಾಗಿ ಗೊತ್ತಿರಬೇಕು ಎಂಬರ್ಥದ ಮಾತು ಅಲ್ಲಿದೆ. ಎಣಿಸಿ ನೋಡಿದರೆ ಆ 19 ವರ್ಷ ಹೆಚ್ಚುಕಡಿಮೆ ಆ ಹುಡುಗಿಯ ಒಟ್ಟು ವಯಸ್ಸು. ಅವಳು ಹುಟ್ಟಿದಂದಿನಿಂದ ಈ ಮನುಷ್ಯ ಅಲ್ಲಾಡದೆ ಕೂತಿದ್ದಾನೆ, ಒಂದಾದ ಮೇಲೊಂದು ತಂಡದ ಹುಡುಗ ಹುಡುಗಿಯರು ಅವನನ್ನು ಬರೆದು ಮುಗಿಸಿ ಹೋಗಿದ್ದಾರೆ. ಅವಳು ಅವನ ಕೈಗೆ ಕನ್ನಡಿ ಕೊಟ್ಟಳು, ಗಾಜಿನ ಹಲಗೆ ಕೊಟ್ಟಳು. ತಾನೂ ಅವನ ಪಕ್ಕ ಮಸುಕಾಗಿ ಸುಳಿದಳು. ಅವನು ನಗುತ್ತಾನೆ, ಆಡುತ್ತಾನೆ. ಸರಣಿಯ ಕೊನೆಗೆ ಅವನು ಗಾಜಿಗೆ ಒತ್ತಿಕೊಂಡು ಕೂತ ಚಿತ್ರವಿದೆ. ಕೆಳಗಿನ ಬರಹದ ತಿರುಳು ಇಷ್ಟು: ಚಾರ್ಲಿಗೆ ಹೃದಯಾಘಾತವಾಯಿತು, ಅವನು ಸುಧಾರಿಸಿಕೊಳ್ಳಲಿ. ಹಿರಿಯರ ಕಾಯಿಲೆಯನ್ನು ಕಂಡು ಒಂದು ಎಳೆಯ ಜೀವ ಹೀಗೆ ನಿಂತುಬಿಟ್ಟದ್ದನ್ನು ಓದುವಾಗ ಗಂಟಲು ಕಟ್ಟುತ್ತದೆ.

1977ರಲ್ಲಿ ಕಲಾಶಾಲೆಯ ಕಾರ್ಯಕ್ರಮದಡಿ ಅವಳು ರೋಮ್‌ಗೆ ಹೋದಳು. ಅಲ್ಲಿಯೂ ಅವಳಿಗೆ ಸಿಕ್ಕಿದ್ದು ಪಾಳು ಕಟ್ಟಡವೇ, ಸಾನ್ ಲೊರೆಂಜೊ ಬಡಾವಣೆಯ ಚೆರೆರೆ ಎಂಬ ಹಳೆಯ ಪಾಸ್ತಾ ಕಾರ್ಖಾನೆ. ಎತ್ತರದ ಸೂರು, ಬಿಳಿ ಬೆಳಕು. ಬಿಳಿಯ ಬಟ್ಟೆಗಳನ್ನು ರೆಕ್ಕೆಗಳಂತೆ ತೂಗುಬಿಟ್ಟು ಅವುಗಳ ಮುಂದೆ ನೆಗೆದಳು. ದೇವದೂತರ ಸರಣಿ ಅದು. ನೆಗೆತದಲ್ಲಿ ಅವಳ ಮೈ ಬೆಳಕಿನ ಒಂದು ಗೀಚಾಗಿ ಉಳಿದಿದೆ. 1978ರಲ್ಲಿ ಮಾಲ್ಡೊರೊರ್ ಎಂಬ ಪುಸ್ತಕದಂಗಡಿಯಲ್ಲಿ ಅವಳ ಚಿತ್ರಗಳನ್ನು ತೂಗುಹಾಕಿದರು.

ಓದು ಮುಗಿಸಿ 1979ರಲ್ಲಿ ನ್ಯೂಯಾರ್ಕ್ ಸೇರಿದಳು. ಆ ಊರಿನಲ್ಲಿ ಅವಳಿಗೆ ಬಾಗಿಲು ತೆರೆಯಲಿಲ್ಲ. 1980ರ ಬೇಸಿಗೆಯನ್ನು ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಕ್‌ಡವೆಲ್ ಕಲಾವಿದರ ತಾಣದಲ್ಲಿ ಕಳೆದಳು. ಅಲ್ಲಿನ ಬರ್ಚ್ ಮರಗಳ ಬಿಳಿ ತೊಗಟೆಯನ್ನು ತೋಳುಗಳಿಗೆ ಸುತ್ತಿಕೊಂಡು, ಆ ಕೈಗಳನ್ನು ಮೇಲೆತ್ತಿ ಮರಗಳ ಸಾಲಿನಲ್ಲಿ ಇನ್ನೊಂದು ಮರವಾಗಿ ನಿಂತಳು. ಅದೇ ವರ್ಷ ಆಳೆತ್ತರವನ್ನೂ ಮೀರಿದ ನೀಲಿ ನಕ್ಷೆಯ ಕಾಗದದ ಮೇಲೆ ಒಂದು ದೇಗುಲವನ್ನೇ ಕಟ್ಟಿದಳು, ಹೆಣ್ಣುಗಳೇ ಕಂಬವಾಗಿ ನಿಂತ ದೇಗುಲ. ಅಂಗೈ ಅಗಲದಿಂದ ಹೊರಟವಳು ಗೋಡೆಯಗಲಕ್ಕೆ ಬೆಳೆಯುತ್ತಿದ್ದಳು. ಹಳೆಯ ಇಟಾಲಿಯನ್ ರೇಖಾಗಣಿತದ ಪುಸ್ತಕದ ಪುಟಗಳ ಮೇಲೆ ತನ್ನ ಚಿತ್ರಗಳನ್ನು ಅಂಟಿಸಿ ಮಾಡಿದ ‘ಸಮ್ ಡಿಸಾರ್ಡರ್ಡ್ ಇಂಟೀರಿಯರ್ ಜಾಮೆಟ್ರೀಸ್’ 1981ರ ಜನವರಿಯಲ್ಲಿ ಅಚ್ಚಾಗಿ ಬಂತು. ಅದೇ ತಿಂಗಳ 19ರಂದು ಅವಳು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಳು. 22 ವರ್ಷ. ಖಿನ್ನತೆ ಅವಳನ್ನು ಹಿಂಡುತ್ತಿತ್ತು. ಅಂಥ ಕತ್ತಲು ಇದನ್ನು ಓದುವ ಯಾರನ್ನಾದರೂ ಮುತ್ತಿದ್ದರೆ ದಯವಿಟ್ಟು ಒಬ್ಬರೇ ಇರಬೇಡಿ, ಹತ್ತಿರದವರೊಡನೆ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಾರೆ.

ಮಗಳು ಹೋದ ಮೇಲೆ ತಂದೆ ಜಾರ್ಜ್ ಕುಂಚದ ಜತೆ ಕ್ಯಾಮೆರಾವನ್ನೂ ಕೈಗೆತ್ತಿಕೊಂಡರು. ಜ್ಯಾಮಿತಿಯ ಆಕಾರಗಳನ್ನು ಬರೆಯುತ್ತಿದ್ದವರು ಹುಡುಗಿಯರ ಚಿತ್ರ ತೆಗೆಯತೊಡಗಿದರು. ತಾಯಿ ಬೆಟ್ಟಿ ಮಣ್ಣನ್ನು ಬಿಡಲಿಲ್ಲ, 2006ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಅವರ ಜೀವಮಾನದ ಕೆಲಸವನ್ನು ಪ್ರದರ್ಶಿಸಿತು. ಜಾರ್ಜ್ 2017ರಲ್ಲಿ, ಬೆಟ್ಟಿ 2018ರ ಆರಂಭದಲ್ಲಿ ತೀರಿಕೊಂಡರು. ಮಗಳಿಲ್ಲದ 36 ವರ್ಷಗಳ ಕಾಲ ಆ ದಂಪತಿ ಅವಳ ಪೆಟ್ಟಿಗೆಗಳನ್ನು, ನೆಗೆಟಿವ್‌ಗಳನ್ನು ಕಾಯ್ದುಕೊಂಡು ಬಂದರು. 2010ರಲ್ಲಿ ಸ್ಕಾಟ್ ವಿಲ್ಲಿಸ್ ಮಾಡಿದ ‘ದಿ ವುಡ್‌ಮನ್ಸ್’ ಸಾಕ್ಷ್ಯಚಿತ್ರದಲ್ಲಿ ಆ ಮನೆಯ ದುಃಖ, ಮನೆಯ ದುಡಿಮೆ ಎರಡೂ ಇವೆ.

ಅವಳ ಚಿತ್ರಗಳು ದೊಡ್ಡ ಮಟ್ಟದಲ್ಲಿ ಜನರ ಕಣ್ಣಿಗೆ ಬಿದ್ದದ್ದು 1986ರಲ್ಲಿ, ವೆಲ್‌ಸ್ಲಿ ಕಾಲೇಜು ಮತ್ತು ಹಂಟರ್ ಕಾಲೇಜುಗಳು ಸೇರಿ ಮಾಡಿದ ಪ್ರದರ್ಶನದಿಂದ. 2012ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದ ಗೋಡೆ ಏರಿದವು. ಅಲ್ಲಿಂದೀಚೆಗೆ ಅವುಗಳ ಮುಂದೆ ನಿಲ್ಲುವ ಬಹುಪಾಲು ಜನರಿಗೆ ಚಿತ್ರಕ್ಕಿಂತ ಮೊದಲು ಸಾವಿನ ಸುದ್ದಿ ಗೊತ್ತಿರುತ್ತದೆ. ಹಾಗಾಗಿ ಗೋಡೆಕಾಗದದ ಹಿಂದೆ ಅವಿತವಳಲ್ಲಿ ಸಾವನ್ನು ಹುಡುಕುತ್ತಾರೆ, ಹಿಟ್ಟಿನ ಗುರುತಿನಲ್ಲಿ ಸಾವನ್ನು ಓದುತ್ತಾರೆ, ನೆಗೆತದಲ್ಲೂ ಅದನ್ನೇ ಕಾಣುತ್ತಾರೆ. ಇದು ಆ ವಿದ್ಯಾರ್ಥಿನಿಗೆ ಮಾಡುವ ಅನ್ಯಾಯ. 1976ರಲ್ಲಿ ಕ್ಯಾಮೆರಾ ಹೂಡಿದ ಹುಡುಗಿಗೆ 1981 ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಬೆಳಗಿನ ಬೆಳಕು ಆ ಕಿಟಕಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಫಿಲ್ಮಿನಲ್ಲಿ ಇನ್ನೆಷ್ಟು ಚೌಕ ಉಳಿದಿವೆ, ನಾಳೆ ತರಗತಿಯಲ್ಲಿ ಏನನ್ನು ತೋರಿಸಬೇಕು ಎಂಬುದು. ಯೌವನ ಸಾವನ್ನು ಕುರಿತು ಯೋಚಿಸುವುದು ಸಾಯಲಿಕ್ಕಲ್ಲ. ಆಳ ತಿಳಿಯಲು ಬಾವಿಗೆ ಕಲ್ಲೆಸೆದು ಸದ್ದು ಕೇಳುವ ಮಕ್ಕಳ ಹಾಗೆ ಅದು.

ಈ ಚಿತ್ರಗಳು ನಿಮಗೆ ಎಲ್ಲಾದರೂ ಎದುರಾದರೆ, ಪುಸ್ತಕದಲ್ಲೋ ಫೋನಿನಲ್ಲೋ, ಕೆಳಗೆ ಕಂಸದಲ್ಲಿರುವ ಎರಡು ಇಸವಿಗಳನ್ನು ಸ್ವಲ್ಪ ಹೊತ್ತು ಬೆರಳಿನಿಂದ ಮುಚ್ಚಿಕೊಳ್ಳಿ. ಗೋಡೆಯನ್ನು ನೋಡಿ, ನೆಲದ ಹಲಗೆಗಳನ್ನು ನೋಡಿ. ಆಮೇಲೆ ಅಲ್ಲಾಡಿದ ಆ ಭಾಗವನ್ನು ನೋಡಿ.