ಅಮ್ಮ ಮನೆಗೆ ಬಂದಳು, ಸೂಚ್ಯಂಕ 1 ಆಯಿತು!

ಬಿ.ಇಡಿ. ತರಗತಿಯಲ್ಲಿ ಸೆಮಿನಾರ್‌ಗೆ ಚೀಟಿ ಎತ್ತಿಸಿದರು. ಗೆಳತಿಯರಿಗೆ ಪಿಯಾಜೆ, ನಯೀ ತಾಲೀಮ್‌ನಂಥ ಪರಿಚಿತ ವಿಷಯಗಳು. ನನ್ನ ಚೀಟಿಯಲ್ಲಿದ್ದದ್ದು: ‘ಪ್ರೌಢಶಾಲಾ ಶಿಕ್ಷಕರ ಅರ್ಹತೆಯಲ್ಲಿ ಲಿಂಗ ಸಮಾನತೆ: ದೇಶಗಳ ಹೋಲಿಕೆ’. ಅಂಕಿ–ಅಂಶ ಕಂಡರೆ ದೂರ ಓಡುವ ನನಗೇ ಇದು ಬರಬೇಕೇ ಎಂದು ಗೊಣಗಿಕೊಂಡೆ.

ಓದಲು ಕುಳಿತಾಗ ಲೆಕ್ಕ ಸುಲಭವೇ ಇತ್ತು. ಶಿಕ್ಷಕಿಯರಲ್ಲಿ ಶೇಕಡಾ ಎಷ್ಟು ಮಂದಿಗೆ ನಿಗದಿತ ಅರ್ಹತೆ ಇದೆಯೋ ಅದನ್ನು, ಪುರುಷ ಶಿಕ್ಷಕರಲ್ಲಿನ ಶೇಕಡಾ ಪ್ರಮಾಣದಿಂದ ಭಾಗಿಸಬೇಕು. ಯುನೆಸ್ಕೊ ಬಳಸುವ ಲಿಂಗ ಸಮಾನತಾ ಸೂಚ್ಯಂಕ ಇದೇ. 0.97ರಿಂದ 1.03ರೊಳಗಿದ್ದರೆ ಸಮಾನತೆ. ಅದಕ್ಕಿಂತ ಕಡಿಮೆಯಾದರೆ ಮಹಿಳೆಯರು ಹಿಂದೆ, ಹೆಚ್ಚಾದರೆ ಪುರುಷರು ಹಿಂದೆ.

ಆದರೆ ಒಂದು ದೇಶದಲ್ಲಿ ಶಿಕ್ಷಕಿಯರಲ್ಲಿ ಶೇ 40, ಶಿಕ್ಷಕರಲ್ಲೂ ಶೇ 40 ಮಂದಿಗಷ್ಟೇ ಅರ್ಹತೆ ಇದೆ ಎಂದುಕೊಳ್ಳಿ. ಸೂಚ್ಯಂಕ 1. ಇನ್ನೊಂದು ದೇಶದಲ್ಲಿ ಶೇ 90 ಮತ್ತು ಶೇ 100. ಸೂಚ್ಯಂಕ 0.90. ಮಕ್ಕಳನ್ನು ಯಾವ ದೇಶದ ಶಾಲೆಗೆ ಸೇರಿಸುತ್ತೀರಿ? ಅರ್ಹತೆಯ ಅಳತೆಗೋಲೂ ಒಂದೇ ಅಲ್ಲ. ಫಿನ್ಲೆಂಡ್‌ನಲ್ಲಿ ಪ್ರೌಢಶಾಲೆಯಲ್ಲಿ ಕಲಿಸಲು ಸ್ನಾತಕೋತ್ತರ ಪದವಿ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಪದವಿಯ ಜೊತೆ ಬಿ.ಇಡಿ. ಸಾಕು. ಆ ಬಿ.ಇಡಿ. ಕೂಡ 2015ರಿಂದ ಒಂದು ವರ್ಷದ ಬದಲು ಎರಡು ವರ್ಷವಾಯಿತು. ಗಂಡು ನೋಡುತ್ತಿರುವ ಮನೆಯ ಹುಡುಗಿಗೆ ಆ ಹೆಚ್ಚುವರಿ ಒಂದು ವರ್ಷ ಎಷ್ಟು ದೊಡ್ಡದೆಂದು ನಮಗೆ ಗೊತ್ತು.

ಇಷ್ಟಾದ ಮೇಲೆ ನನಗೆ ಅಮ್ಮ ನೆನಪಾದಳು. ಅವಳು ಬಿ.ಎಸ್ಸಿ. ಮುಗಿಸಿದ ವರ್ಷ ಮನೆಯಲ್ಲಿ ಒಬ್ಬರ ಫೀಸಿಗಷ್ಟೇ ದುಡ್ಡಿತ್ತು. ಮಾವ ಬಿ.ಇಡಿ.ಗೆ ಹೋದ, ಅಮ್ಮನಿಗೆ ಮದುವೆಯಾಯಿತು. ಆಮೇಲೆ ಊರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದಳು. ಅಲ್ಲಿ ನಾಲ್ವರು ಶಿಕ್ಷಕಿಯರು, ನಾಲ್ವರು ಶಿಕ್ಷಕರು. ಬಿ.ಇಡಿ. ಇಲ್ಲದವಳು ಅಮ್ಮ ಒಬ್ಬಳೇ. ಸೂಚ್ಯಂಕ 0.75. ಒಂದು ಬೇಸಿಗೆಯಲ್ಲಿ ಅವಳನ್ನು ಬಿಡಿಸಿ, ಬಿ.ಇಡಿ. ಆದ ಮೇಷ್ಟ್ರೊಬ್ಬರನ್ನು ತೆಗೆದುಕೊಂಡರು. ಉಳಿದ ಮೂವರು ಶಿಕ್ಷಕಿಯರಿಗೂ ಐವರು ಶಿಕ್ಷಕರಿಗೂ ಅರ್ಹತೆ ಇತ್ತು. ಸೂಚ್ಯಂಕ 1!

ಸೆಮಿನಾರ್ ದಿನ ಬೋರ್ಡಿನ ಮೇಲೆ ‘0.75’, ‘1’ ಎಂದಷ್ಟೇ ಬರೆದು, ನಡುವೆ ಏನಾಗಿರಬಹುದು ಎಂದು ಕೇಳಿದೆ. ‘ಯಾರೋ ಮೇಡಂ ಟ್ರೈನಿಂಗ್ ಮುಗಿಸಿರಬೇಕು’ ಎಂದ ಒಬ್ಬ. ‘ಇಲ್ಲ, ಒಬ್ಬ ಮೇಡಂ ಮನೆಗೆ ಹೋದರು’ ಎಂದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಸೂಚ್ಯಂಕ ಸುಳ್ಳು ಹೇಳುತ್ತದೆ ಎಂದಲ್ಲ. ಕೇಳಿದ ಪ್ರಶ್ನೆಗಷ್ಟೇ ಅದು ಉತ್ತರಿಸುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಇಂಥ ಅಂಕಿಗಳನ್ನು ಬಾಯಿಪಾಠ ಮಾಡುವ ನಾವು ಇನ್ನೂ ಎರಡು ಪ್ರಶ್ನೆ ಕೇಳಬೇಕು: ಒಟ್ಟು ಎಷ್ಟು ಮಂದಿಗೆ ಅರ್ಹತೆ ಇದೆ? ಲೆಕ್ಕದಿಂದ ಹೊರಗುಳಿದವರು ಯಾರು?

ಸಂಜೆ ಫೋನಿನಲ್ಲಿ ಎಲ್ಲ ಹೇಳಿದೆ. ಅಮ್ಮ ನಕ್ಕಳು. ‘ಅವರು ಬಿ.ಇಡಿ. ಕೇಳಿದ್ದು ತಪ್ಪಲ್ಲ ಕಣೇ. ಮಕ್ಕಳಿಗೆ ಕಲಿಸೋರು ಕಲಿತಿರಬೇಕು. ನನಗೆ ಓದೋಕೆ ಬಿಡದೇ ಇದ್ದದ್ದು ತಪ್ಪು’ ಎಂದಳು. ಆಮೇಲೆ, ‘ಟ್ಯೂಷನ್ ಮಕ್ಕಳು ಬಂದರು, ಇಡ್ತೀನಿ’ ಎಂದು ಫೋನ್ ಇಟ್ಟಳು.

ನನ್ನ ಎರಡನೇ ವರ್ಷದ ಫೀಸು ಕಟ್ಟಿದ್ದು ಆ ಟ್ಯೂಷನ್ ದುಡ್ಡಿನಲ್ಲೇ.