ಮಾತ್ರೆ ಚೀಟಿ ಸಿಕ್ಕಿತು, ಊಟದ ಚೀಟಿ ಎಲ್ಲಿ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಹಿರಿಯರು ಹೇಳಿದರು. ಆದರೆ ರೋಗ ಬಂದ ಮೇಲೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಅಂತ ಹೇಳಿಕೊಡುವವರು ಯಾರು? ಮೂರು ಕಡೆಯೂ ಕರ್ನಾಟಕವೇ ಸುತ್ತುವರಿದಿರುವ ನಮ್ಮ ಮಡಕಶಿರಾ ಸೀಮೆಯಲ್ಲಿ, ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರದ ಕಡೆ, ಇವತ್ತು ಈ ಪ್ರಶ್ನೆ ಮನೆಮನೆಗೂ ಬಂದು ಕೂತಿದೆ. 2022ರಲ್ಲಿ ನಾವು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ಜಿಲ್ಲೆ ಬದಲಾದರೂ ಈ ಪ್ರಶ್ನೆ ಹಾಗೇ ಉಳಿದಿದೆ.

ಒಂದು ಕಾಲಕ್ಕೆ ಸಕ್ಕರೆ ಕಾಯಿಲೆ ಎಂದರೆ ಪಟ್ಟಣದ ಸಾಹುಕಾರರ ಕಾಯಿಲೆ. ಈಗ ಕಡಲೆಕಾಯಿ ಕೀಳುವ ಕೂಲಿಯವರ ಸೆರಗಿನಲ್ಲೂ ಮಾತ್ರೆ ಪೊಟ್ಟಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಈ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಮೇಲ್ಪಟ್ಟು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇಷ್ಟು ಜನಕ್ಕೂ ಡಾಕ್ಟರು ಹೇಳುವ ಮಾತು ಒಂದೇ: ‘ಮಾತ್ರೆ ತಗೊಳ್ಳಿ, ಊಟದಲ್ಲಿ ಪಥ್ಯ ಮಾಡಿ.’ ಪಥ್ಯ ಎಂದರೇನು? ಹೊರಗೆ ನೂರು ಜನ ಕಾದಿರುವಾಗ ಅದನ್ನು ವಿವರಿಸಲು ಡಾಕ್ಟರಿಗೆ ಪುರಸೊತ್ತು ಎಲ್ಲಿ?

ಆ ಕೆಲಸಕ್ಕೆಂದೇ ಓದಿದವರು ಡಯಟೀಷಿಯನ್, ಅಂದರೆ ಆಹಾರ ತಜ್ಞರು. ಅವರು ಮಾತ್ರೆ ಬರೆಯುವವರಲ್ಲ. ರಕ್ತ ಪರೀಕ್ಷೆಯ ಚೀಟಿ, ರೋಗಿ ಮಾಡುವ ಕೆಲಸ, ಮನೆಯಲ್ಲಿ ಬೇಯುವ ಅಡುಗೆ, ಈ ಮೂರನ್ನೂ ನೋಡಿ ತಟ್ಟೆಯ ಲೆಕ್ಕ ಹಾಕಿಕೊಡುತ್ತಾರೆ.

ನಮ್ಮ ರಾಗಿ ಮುದ್ದೆಯನ್ನೇ ತಗೊಳ್ಳಿ. ಸಕ್ಕರೆ ಬಂತು ಅಂದ ಕೂಡಲೇ ಎಲ್ಲರೂ ಹೇಳುವುದು ‘ಅನ್ನ ಬಿಡು, ಮುದ್ದೆ ಉಣ್ಣು’ ಅಂತ. ಅದರಲ್ಲಿ ಅರ್ಧ ನಿಜ ಇದೆ. ರಾಗಿಯಲ್ಲಿ ನಾರು ಜಾಸ್ತಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಉಂಟು, ಅಕ್ಕಿಯಲ್ಲಿ 10ರ ಆಸುಪಾಸು. ಆದರೆ ಪಿಷ್ಟದ ಲೆಕ್ಕಕ್ಕೆ ಬಂದರೆ ರಾಗಿಯಲ್ಲೂ 100 ಗ್ರಾಂಗೆ 70 ಗ್ರಾಂ ಹತ್ತಿರ ಇದೆ. ಅಕ್ಕಿಯಲ್ಲಿ 78 ಗ್ರಾಂ. ಅಂಥಾ ವ್ಯತ್ಯಾಸ ಏನಿಲ್ಲ! ನುಣ್ಣಗೆ ಬೀಸಿದ ಹಿಟ್ಟಿನಲ್ಲಿ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ ‘ಪಥ್ಯ ಮಾಡ್ತಾ ಇದೀನಿ’ ಅಂದರೆ ಸಕ್ಕರೆ ಇಳಿಯುತ್ತದೆಯೇ? ಬಲ್ಲ ತಜ್ಞರು ಮುದ್ದೆ ಬಿಡಿ ಅನ್ನುವುದಿಲ್ಲ. ‘ತಾತ, ಮನೇಲಿ ಮುದ್ದೆ ಎಷ್ಟು ದಪ್ಪ ಕಟ್ತಾರೆ?’ ಅಂತ ಕೇಳುತ್ತಾರೆ. ಗಾತ್ರ ಇಳಿಸಿ, ಬಸ್ಸಾರಿನ ಸೊಪ್ಪು, ಹುರುಳಿ, ಅವರೆ, ಅಲಸಂದೆ ಹೆಚ್ಚಿಸುತ್ತಾರೆ.

ಒಬ್ಬರಿಗೆ ಔಷಧವಾದದ್ದು ಇನ್ನೊಬ್ಬರಿಗೆ ವಿಷ. ಸೊಪ್ಪು, ಎಳನೀರು, ಬಾಳೆಹಣ್ಣು ಒಳ್ಳೇದು ಅಂತ ಎಲ್ಲರೂ ಬಲ್ಲರು. ಆದರೆ ಮೂತ್ರಪಿಂಡ ಸೋತು ರಕ್ತದಲ್ಲಿ ಪೊಟ್ಯಾಷಿಯಂ ಏರಿದವರಿಗೆ ಎಳನೀರೇ ಎದೆಬಡಿತ ನಿಲ್ಲಿಸಬಹುದು. ಅಂಥವರಿಗೆ ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಅನ್ನುತ್ತಾರೆ. ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳು ಊಟದ ಹಿಂದೆಯೇ ಟೀ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಅದೇ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಹತ್ತುತ್ತದೆ. ಶಿವರಾತ್ರಿ ಉಪವಾಸ ಮಾಡಿ, ಇನ್ಸುಲಿನ್ ಮಾತ್ರ ಎಂದಿನಂತೆ ಚುಚ್ಚಿಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಇವೆಲ್ಲ ಹೇಳಿದರೆ ಹತ್ತು ನಿಮಿಷದ ಮಾತು, ಹೇಳದಿದ್ದರೆ ಪ್ರಾಣದ ಮಾತು.

ನಮ್ಮ ತಟ್ಟೆಯೂ ಮೊದಲಿನಂತಿಲ್ಲ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಟ್ಟಿತು. ಹಸಿದ ಹೊಟ್ಟೆ ತುಂಬಿತು, ಆ ಪುಣ್ಯ ಮರೆಯಬಾರದು. ಹೊಲಕ್ಕೆ ಕಡಲೆಕಾಯಿ ಬಂತು. ನವಣೆ, ಸಾಮೆ, ಹುರುಳಿ ಹಿಂದೆ ಸರಿದವು. ಕೈಗೆ ಸಿಕ್ಕಿದ್ದನ್ನು ಉಣ್ಣುವವನಿಗೆ ತಟ್ಟೆ ಬದಲಿಸು ಅನ್ನಬೇಕಾದರೆ ಅವನ ಹೊಲ, ಜೇಬು ಎರಡೂ ಗೊತ್ತಿರಬೇಕು.

ಇಲ್ಲೇ ಗಡಿನಾಡಿನವರ ಕಷ್ಟ. ಹಿಂದೂಪುರಕ್ಕೆ ಹೋದರೆ ಚೀಟಿ ತೆಲುಗಿನಲ್ಲಿ, ಬೆಂಗಳೂರಿಗೆ ಹೋದರೆ ಇಂಗ್ಲಿಷಿನಲ್ಲಿ. ನಮ್ಮ ನೆಂಟರೊಬ್ಬರು ಒಂದು ಖಾಸಗಿ ಆಸ್ಪತ್ರೆಯಿಂದ ತಂದ ಹಾಳೆಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಆಲಿವ್ ಎಣ್ಣೆ ಇತ್ತು. ಮುದ್ದೆಯ ಹೆಸರೇ ಇರಲಿಲ್ಲ. ಅವರು ಅದನ್ನು ಮಡಿಸಿ ದೇವರ ಪಟದ ಹಿಂದೆ ಇಟ್ಟರು. ಎರಡು ನುಡಿಯ ಆಟವೂ ನೋಡಿ: ತೆಲುಗಿನಲ್ಲಿ ‘ಪಾಲು’ ಎಂದರೆ ಹಾಲು, ಕನ್ನಡದಲ್ಲಿ ಪಾಲು ಎಂದರೆ ಭಾಗ. ‘ಪಾಲು ತಗ್ಗಿಂಚಂಡಿ’ ಅಂದರೆ ನಮ್ಮ ಅಜ್ಜಿ ಹಾಲು ಬಿಡಬೇಕೋ, ಊಟದ ಪಾಲು ಇಳಿಸಬೇಕೋ? ಕವಿತೆಯಲ್ಲಿ ಇಂಥ ಶ್ಲೇಷೆ ಚೆಂದ, ಔಷಧಿ ಚೀಟಿಯಲ್ಲಿ ಅಲ್ಲ.

ತಿಳಿವಳಿಕೆಗೆ ಬರವಿಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆ ನಮ್ಮ ಕಾಳುಕಡ್ಡಿಯನ್ನೆಲ್ಲ ಅಳೆದು ಬರೆದಿಟ್ಟಿದೆ. 2024ರಲ್ಲಿ ಭಾರತೀಯರಿಗೆಂದೇ ಹೊಸ ಆಹಾರ ಸೂತ್ರಗಳನ್ನೂ ಹೊರಡಿಸಿದೆ. 2021ರ ಕೇಂದ್ರ ಕಾಯ್ದೆ ಆಹಾರ ತಜ್ಞರನ್ನು ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿದೆ. ಆದರೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅವರಿಗೊಂದು ಕುರ್ಚಿ ಇಲ್ಲ. ಆ ಖಾಲಿ ಜಾಗಕ್ಕೆ ‘ಮೂರೇ ತಿಂಗಳಲ್ಲಿ ಶುಗರ್ ಮಾಯ’ ಅನ್ನುವ ಪುಡಿ ಮಾರುವವರು ಬಂದು ಕೂತಿದ್ದಾರೆ. ಅವರ ಮಾತು ಕೇಳಿ ಮಾತ್ರೆ ಬಿಟ್ಟವರ ಕಾಲು, ಕಣ್ಣು, ಕಿಡ್ನಿಗೆ ಯಾರು ಹೊಣೆ?

ದೊಡ್ಡದೇನೂ ಬೇಡ. ಮಂಡಲಕ್ಕೆ ವಾರದಲ್ಲಿ ಒಂದು ದಿನ, ಸಂತೆಯ ದಿನವೇ ಆದರೆ ಒಳ್ಳೇದು, ಒಬ್ಬ ಆಹಾರ ತಜ್ಞರು ಬಂದು ಕೂರಲಿ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರುಗಳಿಗೆ ತಟ್ಟೆಯ ಲೆಕ್ಕ ಕಲಿಸಲಿ. ಕನ್ನಡಿಗರಿರುವ ಮಂಡಲಗಳಿಗೆ ಮುದ್ದೆ, ಬಸ್ಸಾರು, ಹುರುಳಿ ಕಟ್ಟಿನ ಹೆಸರು ಹಾಕಿ ಕನ್ನಡದಲ್ಲೂ ಹಾಳೆ ಅಚ್ಚು ಮಾಡಿಸಲಿ. ಈ ಹಾಳೆಯ ವಿಷಯದಲ್ಲಿ ಪಕ್ಕದ ಕರ್ನಾಟಕವೂ ಕೈ ಜೋಡಿಸಬಹುದು. ಓದುಗ ಬಂಧುಗಳೇ, ಅಲ್ಲಿವರೆಗೆ ಆಸ್ಪತ್ರೆಗೆ ಹೋದಾಗ ಸುಮ್ಮನೆ ಎದ್ದು ಬರಬೇಡಿ. ‘ಸಾರ್, ಮಾತ್ರೆ ಬರೆದ್ರಿ, ಊಟ ಯಾರು ಹೇಳ್ತಾರೆ?’ ಅಂತ ಒಂದು ಮಾತು ಕೇಳಿಯೇ ಬನ್ನಿ.